ಕೆಂಪು ಬುಡದ ಪೈರು

ನಾನು ಹುಟ್ಟಾ ಅಂಜುಬುರುಕಿ. ಕಡೂರಿನ ನಮ್ಮ ಮನೆಯ ಹಿಂದೆ ಅಪ್ಪನ ಕೊಬ್ಬರಿ ಮಂಡಿಯ ಗೋಡೌನ್ ಇತ್ತು, ಅಲ್ಲಿಗೆ ಹಟ್ಟಹಗಲಲ್ಲೂ ಒಬ್ಬಳೇ ಹೋದವಳಲ್ಲ. ಇಂಥವಳು ಕೃಷಿ ಪದವಿ ಓದಿ, ಎಪ್ಪತ್ತರ ದಶಕದ ಕೊನೆಯಲ್ಲಿ, ತರೀಕೆರೆಯ ಹತ್ತಿರ ಗದ್ದೆಬಯಲಿನಲ್ಲಿ ಭತ್ತದ ಪ್ರಯೋಗ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಮನೆಯವರೆಲ್ಲ ನಕ್ಕರು. "ಹಾವು ಬಂದ್ರೆ ಏನ್ ಮಾಡ್ತೀಯೇ?" ಎಂದು ಅಪ್ಪ ಕೇಳಿದರು. ಅಲ್ಲಿದ್ದ ಮೂರು ವರ್ಷದಲ್ಲಿ ಹಾವು ಕಂಡದ್ದು ಎರಡೇ ಸಲ, ಎರಡೂ ಸಲ ಅದೇ ನನಗೆ ಹೆದರಿ ಓಡಿತು. ನಾನು ಹೆದರಿದ್ದು ಒಬ್ಬ ಅಜ್ಜಿಗೆ.

ಕೆಲಸ ಏನೆಂದು ನಮ್ಮ ಸಾಹೇಬರು ಮೊದಲ ದಿನವೇ ಹೇಳಿದರು. ಅವರು ವಿಜ್ಞಾನಿ, ತಿಂಗಳಿಗೊಮ್ಮೆ ಜೀಪಿನಲ್ಲಿ ಬಂದು ನೋಡಿ ಹೋಗುವವರು. ಭತ್ತಕ್ಕೆ ಬೆಂಕಿ ರೋಗ ಅಂತ ಒಂದಿದೆ. ನಿಜವಾಗಿ ಅದು ಒಂದು ಬಗೆಯ ಬೂಷ್ಟು. ಎಲೆಯ ಮೇಲೆ ಕಣ್ಣಿನ ಆಕಾರದ ಮಚ್ಚೆ ಬರುತ್ತದೆ, ನಡುವೆ ಬೂದಿ ಬಣ್ಣ, ಅಂಚಿನಲ್ಲಿ ಕಂದು. ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡರೆ ಗದ್ದೆ ಸುಟ್ಟ ಹಾಗೆ ಕಾಣುತ್ತದೆ. ತೆನೆ ಬರುವ ಹೊತ್ತಿನಲ್ಲಿ ಅದರ ಕುತ್ತಿಗೆಗೆ ತಗುಲಿತೋ, ಕಾಳು ಕಟ್ಟುವುದೇ ಇಲ್ಲ. ಯಾವ ತಳಿ ಹುಟ್ಟಿನಿಂದಲೇ ಈ ರೋಗವನ್ನು ತಡೆಯುತ್ತದೆ, ಆ ಗುಣ ಮಕ್ಕಳು ಮೊಮ್ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂದು ನೋಡುವುದು ನಮ್ಮ ಪ್ರಯೋಗ. ಅದಕ್ಕೆ ಮೊದಲು ರೋಗವನ್ನೇ ಬರಿಸಬೇಕು. "ರೋಗ ಇಲ್ಲದ ಕಡೆ ಎಲ್ಲಾ ತಳಿನೂ ಪೈಲ್ವಾನ್ರೇ ಕಣಮ್ಮ" ಎಂದರು ಸಾಹೇಬರು.

ಹಾಗಾಗಿ ನಾನು ಸಂಬಳ ತೆಗೆದುಕೊಂಡು ರೋಗ ಬೆಳೆಯುತ್ತಿದ್ದೆ. ಉದ್ದನೆಯ ಮಡಿಗಳಲ್ಲಿ ಒಂದೊಂದು ಸಾಲಿಗೆ ಒಂದೊಂದು ತಳಿ. ಪೈರು ಮೆತ್ತಗಾಗಲೆಂದು ಬೇಕಾದ್ದಕ್ಕಿಂತ ಹೆಚ್ಚು ಯೂರಿಯಾ. ಸಂಜೆ ಐದಕ್ಕೆ ನೀರು ಚಿಮುಕಿಸಿ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಬೆಳಿಗ್ಗೆ ತೆಗೆಯುವುದು. ರೋಗ ಬಂದ ಎಲೆಗಳನ್ನು ಎಲ್ಲಿಂದಾದರೂ ತಂದು ಕತ್ತರಿಯಲ್ಲಿ ತುಂಡು ಮಾಡಿ ಮಡಿಯ ಮೇಲೆ ಉದುರಿಸುವುದು. ಮಡಿಯ ಸುತ್ತ ಮಾತ್ರ, ಎಲ್ಲಕ್ಕಿಂತ ಬೇಗ ರೋಗ ಹಿಡಿಯುವ ತಳಿಯ ಎರಡು ಸಾಲು. ರೋಗ ಮೊದಲು ಅಲ್ಲಿ ಕೂತು, ಅಲ್ಲಿಂದ ಒಳಗೆ ಹಬ್ಬಲಿ ಎಂದು.

ಜಾಗ ಅಜ್ಜಿಯದು. ಅರವತ್ತು ದಾಟಿದ ಹೆಂಗಸು, ಕೆರೆಯ ಕೆಳಗೆ ಗದ್ದೆ, ಅದರ ಒಂದು ತುದಿಯ ಪಟ್ಟಿಯನ್ನು ನಮಗೆ ಗುತ್ತಿಗೆಗೆ ಕೊಟ್ಟಿದ್ದರು. ಮನೆಯಲ್ಲಿ ಮಗ ಸೊಸೆ ಇದ್ದರೂ ಬೀಜದ ವಿಚಾರಕ್ಕೆ ಯಾರೂ ಕೈ ಹಾಕುವ ಹಾಗಿರಲಿಲ್ಲ. ನಮ್ಮ ಬೋರ್ಡಿನಲ್ಲಿ ಭತ್ತದ ರೋಗದ ಪರೀಕ್ಷೆ ಎಂದು ಬರೆದಿದ್ದನ್ನು ಮಗ ಓದಿ ಹೇಳಿದ. ಅಜ್ಜಿ ಒಂದು ಗಳಿಗೆ ಯೋಚಿಸಿ, "ಅಂದ್ರೆ ಭತ್ತದ ಆಸ್ಪತ್ರೆ" ಎಂದರು. ನಾನು ತಿದ್ದಲಿಲ್ಲ. ಸಾಹೇಬರು ಜೀಪು ಹತ್ತುವಾಗ ಮೆಲ್ಲಗೆ, "ಎಲ್ಲಾ ವಿವರ ಹೇಳಕ್ಕೆ ಹೋಗ್ಬೇಡಿ, ಸುಮ್ನೆ ಗಾಬರಿ ಆಗ್ತಾರೆ" ಎಂದಿದ್ದರು.

ಅಜ್ಜಿ ಬೆಳೆಯುತ್ತಿದ್ದುದು ಒಂದೇ ಭತ್ತ. ಸಣ್ಣ ಕಾಳು, ಬೇಯುವಾಗ ಪಕ್ಕದ ಮನೆಗೂ ತಿಳಿಯುವಂಥ ಪರಿಮಳ. ಅಂತರಘಟ್ಟೆಯ ಕಡೆಯ ಅವರ ತೌರಿನದು. ಮದುವೆಯಾಗಿ ಹೊರಟಾಗ ಅವರ ತಾಯಿ ಮಡಿಲಿಗೆ ಅಕ್ಕಿಯ ಜೊತೆ ಒಂದು ಹಿಡಿ ಬಿತ್ತನೆ ಭತ್ತವನ್ನೂ ಹಾಕಿದ್ದರಂತೆ. ತೌರಿನಲ್ಲಿ ಆಮೇಲೆ ಕೆರೆ ಒಡೆದು ಗದ್ದೆ ಹೋಗಿ ಬೀಜವೂ ಹೋಯಿತು. "ಈಗ ಇರೋದು ನನ್ ಹತ್ರ ಮಾತ್ರ ಕಣ್ ಮೇಡಮ್ಮ. ನನ್ ತಾಯಿದು ಅಂತ ಭೂಮಿ ಮ್ಯಾಲೆ ಉಳ್ದಿರೋದೇ ಇದು" ಎಂದು ನನಗೆ ಪರಿಚಯವಾದ ವಾರದಲ್ಲೇ ಹೇಳಿದ್ದರು. ಆಷಾಢದಲ್ಲಿ ಸಸಿಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬುಡ ಕೆಂಪಗಿರುವ ಸಸಿಗಳನ್ನು ಹುಡುಕಿ ಹುಡುಕಿ ಕಿತ್ತು ಹಾಕುತ್ತಿದ್ದರು. "ಬೆರಕೆ. ಬಿಟ್ರೆ ಎಲ್ಲಾನೂ ಕೆಡಿಸ್ತದೆ" ಎಂಬುದು ತಾಯಿ ಹೇಳಿಕೊಟ್ಟ ಪಾಠ. ನಮ್ಮ ಸಂಶೋಧನಾ ಕೇಂದ್ರದ ಬೀಜಕ್ಕಿಂತ ಅವರ ಬೀಜ ಶುದ್ಧವಾಗಿತ್ತು. ನಾನು ಹಾಗೆಂದಾಗ ಅವರ ಮುಖ ನೋಡಬೇಕಿತ್ತು.

ಸಾಹೇಬರು ಆ ಗದ್ದೆಯ ಹಿಂದಿನ ಕೊಯ್ಲಿನ ಕೂಳೆಯನ್ನು ತಿರುವಿ ನೋಡಿ, ಸುತ್ತ ಹಾಕಲು ಇದಕ್ಕಿಂತ ಒಳ್ಳೆಯದು ಬೇಡ ಎಂದರು. ಅಂದರೆ, ಬೇಗ ಸಾಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ ಎಂದು. ನಾನು ಅಜ್ಜಿಯ ಹತ್ತಿರ ಹೋಗಿ ಒಂದು ಪಾವು ಬೀಜ ಕೇಳಿದೆ. ಅವರು ಎರಡು ಸೇರು ಕೊಟ್ಟರು, ಅಷ್ಟನ್ನೂ ಬಿತ್ತಿದೆ. ಸಾಲುಗಳು ಹಸಿರಾಗಿ ಎದ್ದಾಗ ದಾರಿಹೋಕರನ್ನು ನಿಲ್ಲಿಸಿ, "ದೇಶದೇಶದ ಭತ್ತ ತಂದವ್ರೆ, ಸುತ್ತ ಕಾವಲಿಗೆ ಮಾತ್ರ ನಂದೇ ಹಾಕವ್ರೆ" ಎಂದು ತೋರಿಸುತ್ತಿದ್ದರು. ನಾನು ಪಂಪಿನ ಮನೆಯೊಳಗೆ ಹೋಗಿ ಏನೋ ಹುಡುಕುವವಳಂತೆ ನಿಂತುಕೊಳ್ಳುತ್ತಿದ್ದೆ.

ಆಸ್ಪತ್ರೆಯ ಸುದ್ದಿ ಹಬ್ಬಿತು. ಯಾರ ಗದ್ದೆಯಲ್ಲಿ ಪೈರು ಕೆಂಪಾದರೂ ಒಂದು ಕಟ್ಟು ಕಿತ್ತುಕೊಂಡು ನನ್ನ ಹತ್ತಿರ ಬರತೊಡಗಿದರು. ಅಜ್ಜಂಪುರದ ಕಡೆಯಿಂದ, ಸಿಂಗಟಗೆರೆಯಿಂದ, ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಕಂಡಕ್ಟರ್ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ, "ಮೇಡಮ್ಮಾರೇ, ಪೇಷೆಂಟ್ ಬಂದವ್ರೆ, ಇಳಿಸ್ಕಳಿ" ಎಂದು ಕೂಗುತ್ತಿದ್ದ. ನನಗೆ ಬೇಕಾಗಿದ್ದೂ ಅದೇ. ಒಂದೊಂದು ಊರಿನ ಬೂಷ್ಟಿನ ಗುಣ ಒಂದೊಂದು, ಒಂದನ್ನು ತಡೆದ ತಳಿ ಇನ್ನೊಂದಕ್ಕೆ ಬೀಳಬಹುದು. ಹೆಚ್ಚು ಊರಿನದು ಬಂದಷ್ಟೂ ಪರೀಕ್ಷೆ ಗಟ್ಟಿ. ಸಿಂಗಟಗೆರೆಯಿಂದ ತಾವೇ ಬಂದ ಒಬ್ಬ ಹಿರಿಯರು, "ವಾಸಿ ಆಯ್ತದಾ ತಾಯಿ?" ಎಂದು ಕೇಳಿದರು. "ನೋಡ್ತೀವಿ" ಎಂದೆ. ಅವರು ಕೈ ಮುಗಿದು ಹೋದರು. ಅವರ ಬೆನ್ನು ತಿರುಗುವವರೆಗೆ ಕಾದು ಕತ್ತರಿ ತೆಗೆದೆ.

ಭಾದ್ರಪದದ ಒಂದು ಬೆಳಿಗ್ಗೆ ಹಾಳೆ ಎತ್ತಿದಾಗ ಸುತ್ತಿನ ಸಾಲಿನಲ್ಲಿ ಮೊದಲ ಮಚ್ಚೆಗಳು ಕಂಡವು. ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ, ಕುಣಿಯುವುದೊಂದು ಬಾಕಿ. ರೋಗ ಬರದಿದ್ದರೆ ವರ್ಷದ ಕೆಲಸ ದಂಡ, ಹುಡುಗಿಯ ಕೈಲಿ ಆಗಲಿಲ್ಲ ಎಂಬ ಮಾತು ಬೇರೆ. ಒಂದು ವಾರದಲ್ಲಿ ಸುತ್ತಿನ ಸಾಲುಗಳು ಸುಟ್ಟು ನೆಲಕ್ಕೆ ಮಲಗಿದವು. ಆಗ ನನಗೆ ಹೊಳೆಯಬೇಕಾದ್ದು ಹೊಳೆಯಿತು. ಮಡಿಯ ಅಂಚಿನಿಂದ ಹತ್ತು ಮಾರು ದೂರದಲ್ಲಿ ಅದೇ ಬೀಜದ, ಅದೇ ರಕ್ತದ ಪೈರು ಗದ್ದೆ ತುಂಬ ಬುಡದಿಂದ ತೆಂಡೆ ಕವಲೊಡೆದು ನಿಂತಿತ್ತು. ಗಾಳಿ ಕೆರೆಯ ಕಡೆಯಿಂದ, ನನ್ನ ಮಡಿಯ ಮೇಲಿಂದ, ಅಜ್ಜಿಯ ಗದ್ದೆಗೆ ಬೀಸುತ್ತಿತ್ತು.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಬೂಷ್ಟಿನ ಬೀಜ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಎಲ್ಲೆಲ್ಲೂ ಇದೆ ಅನ್ನಿಸುತ್ತಿತ್ತು, ನನ್ನ ಸೆರಗಿನಲ್ಲಿ, ಚಪ್ಪಲಿಯಲ್ಲಿ, ಉಗುರಿನ ಸಂದಿಯಲ್ಲಿ. ಮಡಿಯಿಂದ ಹೊರಬಂದ ಮೇಲೆ ಕಾಲನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದೆ. ಅಜ್ಜಿಯ ಬದುವಿನ ಮೇಲೆ ನಡೆಯುವುದನ್ನು ಬಿಟ್ಟು ಕೆರೆ ಏರಿಯ ಮೇಲೆ ಸುತ್ತು ಹಾಕಿಕೊಂಡು ರಸ್ತೆ ಸೇರುತ್ತಿದ್ದೆ. ಗಾಳಿ ಹೊತ್ತೊಯ್ಯುವುದನ್ನು ನನ್ನ ಕಾಲು ತಡೆಯುತ್ತದೆಯೇ? ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಸುತ್ತು ಹಾಕುತ್ತಿದ್ದೆ. ನಾಲ್ಕನೆಯ ದಿನ ಅಜ್ಜಿ ಏರಿಯ ಹತ್ತಿರವೇ ಅಡ್ಡ ನಿಂತರು.

"ಯಾಕ್ ಮೇಡಮ್ಮ, ನಮ್ ಬದ ನಿಮ್ ಕಾಲಿಗೆ ಚುಚ್ತೈತಾ?"

"ಇಲ್ಲ ಅಜ್ಜಿ, ಗಾಳಿಗೆ ಅಂತ ಈ ಕಡೆ ಬಂದೆ."

"ನಾನೇನಾದ್ರೂ ಮಾತಾಡ್ಬಿಟ್ನಾ? ಮಾತಾಡಿದ್ರೆ ಹೊಟ್ಟೆಗಾಕ್ಕಳವ್ವ."

ಅವರ ಧ್ವನಿಯಲ್ಲಿ ನಿಜವಾದ ನೋವಿತ್ತು. ಮಾರನೆಯ ದಿನದಿಂದ ಬದುವಿನ ಮೇಲೇ ನಡೆದೆ. ಹಾಗೆ ನಡೆದ ಮೊದಲ ದಿನವೇ, ಬಲಗಡೆ, ಮೊಣಕಾಲೆತ್ತರದ ಪೈರಿನಲ್ಲಿ, ಆ ಕಣ್ಣಿನ ಆಕಾರದ ಮಚ್ಚೆ ನೋಡಿದೆ. ಒಂದಲ್ಲ, ಎಣಿಸಲಾಗದಷ್ಟು. ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ.

ಪಂಪಿನ ಮನೆಯಲ್ಲಿ ಬೂಷ್ಟಿಗೆ ಹೊಡೆಯುವ ಔಷಧಿಯ ಡಬ್ಬ ಇತ್ತು, ಸ್ಪ್ರೇಯರ್ ಇತ್ತು. ಆ ವಾರ ಸಾಹೇಬರು ಬಂದಾಗ, ಅಜ್ಜಿಯ ಗದ್ದೆಗೆ ಹೊಡೆಯುತ್ತೇನೆ ಎಂದು ಕೇಳಿದೆ. ಅವರು ಕೆಟ್ಟವರಲ್ಲ. ಗದ್ದೆಯಂಚಿಗೆ ಹೋಗಿ ನೋಡಿದರು, ಮುಖ ಗಂಟು ಹಾಕಿಕೊಂಡರು. "ಈ ವರ್ಷ ಮೋಡ, ಇಬ್ಬನಿ ಜಾಸ್ತಿ. ನಮ್ಮಿಂದ ಬರದಿದ್ರೂ ಬರೋದೇ. ಗಾಳಿಗೇನು ಇಂಥವರ ಮನೇದು ಅಂತ ಗುರುತಿರುತ್ತಾ? ಆದ್ರೆ ಔಷಧಿ ಹೊಡೆದ್ರೆ ನಮ್ಮ ಮಡಿಗೂ ಬೀಳುತ್ತೆ, ಇಷ್ಟು ದಿನದ ಕೆಲಸ ನೀರಲ್ಲಿ ಹೋಮ. ಹತ್ತು ದಿನ ತಡೀರಿ, ಸಾಲುಗಳ ಲೆಕ್ಕ ಬರ್ಕೊಂಡ್ಬಿಡೋಣ" ಎಂದರು.

ಹತ್ತು ದಿನ ತಡೆದೆ. ಇದನ್ನು ಬರೆಯಲು ನನಗೆ ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಐದನೆಯ ದಿನ ಅಜ್ಜಿ ಒಂದು ಹಿಡಿ ಪೈರು ಕಿತ್ತು ತಂದು ನನ್ನ ಮುಂದೆ ಹಿಡಿದರು. "ನಮ್ಮನೇದಕ್ಕೂ ಬಂದ್ಬಿಡ್ತು ನೋಡವ್ವ. ಊರೋರ್ದೆಲ್ಲ ನೋಡ್ತೀಯ, ನಂದೂ ಒಸಿ ನೋಡು" ಎಂದರು. ನನ್ನ ಬೆನ್ನ ಹಿಂದೆ ಪಂಪಿನ ಮನೆಯ ಬಾಗಿಲು ಅರ್ಧ ತೆರೆದಿತ್ತು, ಡಬ್ಬ ಕಾಣುತ್ತಿತ್ತು. ನಾನು ಸ್ವಲ್ಪ ಪಕ್ಕಕ್ಕೆ ಸರಿದು ನಿಂತೆ. "ಔಷಧಿ ಮುಂದಿನ ವಾರ ಬರುತ್ತೆ ಅಜ್ಜಿ" ಎಂದೆ. ಸರಿ ಎಂದು ತಲೆಯಾಡಿಸಿ ಆ ಹಿಡಿಯನ್ನು ನನ್ನ ಕೈಯಲ್ಲೇ ಇಟ್ಟು ಹೋದರು. ಸಾಹೇಬರಿಗೆ ಹೆದರಿದೆನೋ, ಕೆಲಸ ಹೋಗುತ್ತದೆ ಎಂದು ಹೆದರಿದೆನೋ, ಔಷಧಿ ಈಗಲೇ ಕೊಟ್ಟರೆ ಇಷ್ಟು ದಿನ ಯಾಕೆ ಕೊಡಲಿಲ್ಲ ಎಂದು ಕೇಳುತ್ತಾರೆಂದು ಹೆದರಿದೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಹನ್ನೊಂದನೆಯ ದಿನ ನಾನೇ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ಗದ್ದೆಯೆಲ್ಲ ಹೊಡೆದೆ. ಮಧ್ಯಾಹ್ನ ಮಳೆ ಬಂದು ತೊಳೆದುಕೊಂಡು ಹೋಯಿತು. ಮತ್ತೆ ಹೊಡೆದೆ. ಅಷ್ಟರಲ್ಲಿ ಪೈರು ಹೊಡೆಗೆ ಬಂದಿತ್ತು, ತೆನೆ ಇನ್ನೂ ಒಳಗೇ ಇತ್ತು.

ಭೂಮಿ ಹುಣ್ಣಿಮೆ ಬಂತು. ನಮ್ಮ ಕಡೆ ಅಂದು ಪೈರು ಬಸುರಿ ಎಂದು ಅದಕ್ಕೆ ಬಯಕೆಯ ಊಟ ಹಾಕುತ್ತಾರೆ, ಸೊಪ್ಪು ತರಕಾರಿ ಬೆರೆಸಿ ಬೇಯಿಸಿದ ಚರಗವನ್ನು ಬೆಳಕು ಹರಿಯುವಾಗ ಗದ್ದೆ ತುಂಬ ಚೆಲ್ಲುತ್ತಾರೆ. ಅಜ್ಜಿ ತಮ್ಮ ಗದ್ದೆಗೆ ಚೆಲ್ಲಿದ ಮೇಲೆ ಉಳಿದದ್ದನ್ನು ಕುಕ್ಕೆಯಲ್ಲಿ ಹಿಡಿದು ನನ್ನ ಮಡಿಗಳಿಗೆ ಬಂದರು. ಅಲ್ಲಿ ಸಾಲು ಸಾಲು ಸುಟ್ಟ ಪೈರು. "ಪಾಪ, ರೋಗಿಷ್ಟವು. ಇವಕ್ಕೂ ಆಸೆ ಇರಲ್ವಾ" ಎಂದು ಒಂದೊಂದು ಸಾಲಿಗೂ ಚೆಲ್ಲಿದರು. ತಮ್ಮದೇ ಭತ್ತದ ಬೂದಿಯಾದ ಸಾಲಿನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತು, "ಕಾವಲು ಕಾದು ಕಾದು ನೀನೇ ಹೋದ್ಯಲ್ಲೇ" ಎಂದರು. ಆಮೇಲೆ ಬದುವಿನ ಮೇಲೆ ನನ್ನನ್ನು ಕೂರಿಸಿ ಎಲೆ ಹಾಕಿ ಬಡಿಸಿದರು. ಈಗ ಹೇಳಬೇಕು, ಈಗ, ಎಂದುಕೊಳ್ಳುತ್ತಲೇ ಎಲೆ ಖಾಲಿ ಮಾಡಿದೆ.

ತೆನೆ ಹೊರಬಂತು. ಹದಿನೈದು ದಿನದಲ್ಲಿ ಕುತ್ತಿಗೆಗಳು ಕಪ್ಪಾಗಿ ಮುರಿದವು. ಗದ್ದೆ ದೂರದಿಂದ ಬೆಳ್ಳಗೆ ಕಾಣುತ್ತಿತ್ತು. ತೆನೆ ಹಿಡಿದು ಹಿಸುಕಿದರೆ ಬರೀ ಜೊಳ್ಳು. ಮಗ, "ಹೋಗ್ಲಿ ಬಿಡವ್ವ, ಮುಂದಿನ್ ವರ್ಷ ಸೊಸೈಟಿ ಬೀಜ ಹಾಕಣ" ಎಂದ. ಹೊಟ್ಟೆಪಾಡಿಗೆ ಅವರಿಗೆ ಮೇಲಿನ ಹೊಲದ ರಾಗಿ, ತೆಂಗು ಇತ್ತು. ಅಜ್ಜಿಗೆ ಬೇಕಾಗಿದ್ದು ಬೀಜ, ಮನೆಯಲ್ಲಿದ್ದದ್ದೆಲ್ಲ ಬಿತ್ತಿ ಮುಗಿದಿತ್ತು. ದಿನವಿಡೀ ಗದ್ದೆಯಲ್ಲಿ ಬಗ್ಗಿ ಗಟ್ಟಿ ಕಾಳಿಗಾಗಿ ತಡಕಾಡಿ, ಸಂಜೆ ಸೆರಗು ಬಿಚ್ಚಿ ತೋರಿಸಿದರು. ಬೊಗಸೆಯೂ ತುಂಬದಷ್ಟು ಕಾಳು, ಎಲ್ಲ ಸುಕ್ಕು. ನಾನು ಅವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದೆ. ಒಂದೂ ಮೊಳಕೆ ಒಡೆಯಲಿಲ್ಲ.

ಆದರೆ ನನ್ನ ಹತ್ತಿರ ನಾಲ್ಕು ಗಿಡ ಇದ್ದವು. ಸುತ್ತಿನ ಸಾಲುಗಳು ಸತ್ತು ಮಲಗಿದ್ದಾಗ ಅವುಗಳ ನಡುವೆ ನಾಲ್ಕು ಹಸಿರಾಗಿ ನಿಂತಿದ್ದವು. ಆ ಸಾಲುಗಳ ಲೆಕ್ಕ ಯಾರೂ ಬರೆಯುವುದಿಲ್ಲ, ಉತ್ತು ಮುಚ್ಚುವುದಷ್ಟೆ. ನಾನು ಅವನ್ನು ಬೇರುಸಹಿತ ಎತ್ತಿ, ಪಂಪಿನ ಮನೆಯ ಹಿಂದೆ ಒಡಕು ಬಕೆಟ್ಟುಗಳಲ್ಲಿ ನೆಟ್ಟಿದ್ದೆ. ರೋಗದಿಂದ ತಪ್ಪಿಸಿಕೊಂಡವೋ, ನಿಜವಾಗಿ ತಡೆದುಕೊಂಡವೋ ಗೊತ್ತಾಗಬೇಕಲ್ಲ, ಒಂದೊಂದರಿಂದಲೂ ಒಂದು ತೆಂಡೆ ಬೇರೆ ಮಾಡಿ, ಎಲ್ಲ ಊರಿನ ರೋಗದ ಎಲೆಯನ್ನೂ ಉದುರಿಸಿ ಹಾಳೆ ಹೊದಿಸಿದೆ. ಒಂದು ಮಚ್ಚೆಯೂ ಏಳಲಿಲ್ಲ. ನಾಲ್ಕೂ ತೆನೆ ಬಿಟ್ಟವು, ಅದೇ ಸಣ್ಣ ಕಾಳು, ಅದೇ ಪರಿಮಳ.

ಕಾಳು ಬಲಿತ ಮೇಲೆ ಬುಡಸಮೇತ ಕಿತ್ತು ಪೇಪರಿನಲ್ಲಿ ಸುತ್ತಿಕೊಂಡು ಅಜ್ಜಿಯ ಮನೆಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ: ಅಜ್ಜಿ, ಅದು ಆಸ್ಪತ್ರೆ ಅಲ್ಲ, ರೋಗ ಬೆಳೆಸಿದವಳು ನಾನೇ, ಔಷಧಿ ಇಟ್ಟುಕೊಂಡು ಇಲ್ಲವೆಂದೆ. ಜಗಲಿ ಹತ್ತುವ ಮೊದಲು ಇನ್ನೊಮ್ಮೆ ಮೊದಲಿಂದ ಹೇಳಿಕೊಂಡೆ.

ಅಜ್ಜಿ ತೆನೆ ಬಿಡಿಸಿ ಕಾಳು ಮೂಸಿದರು. ಕಣ್ಣು ತುಂಬಿತು. "ನಮ್ಮವ್ವನ ಭತ್ತನೇ" ಎಂದರು. "ಅಷ್ಟು ರೋಗದಾಗೆ ಇದು ಹೆಂಗ್ ಉಳೀತು?"

"ಇವಕ್ಕೆ ತಡೆಯೋ ಗುಣ ಹುಟ್ಟಿನಿಂದಲೇ ಇತ್ತು ಅಜ್ಜಿ" ಎಂದೆ. ಮುಂದಿನದನ್ನು ಹೇಳಲು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವರ ಕೈ ಬುಡಕ್ಕೆ ಇಳಿದಿತ್ತು. ಒಣಗಿದ್ದರೂ ಬುಡದ ಕೆಂಪು ಹಾಗೇ ಇತ್ತು. ನಾಲ್ಕರದೂ.

ಅವರು ಒಂದೊಂದು ಬುಡವನ್ನೂ ಬೆಳಕಿಗೆ ಹಿಡಿದು ನೋಡಿದರು. "ಕೆಂಬುಡದ್ದು" ಎಂದರು. "ಇವನ್ನೇ ಅಲ್ವಾ ನಾನು ಬೆರಕೆ ಅಂತ ವರ್ಷವರ್ಷವೂ ಕಿತ್ತಾಕ್ತಿದ್ದಿದ್ದು? ನಲವತ್ತು ವರ್ಷ ಕಿತ್ತಿದೀನಿ ಕಣವ್ವ. ಬಿಟ್ಟಿದ್ರೆ ಗದ್ದೆ ಉಳೀತಿತ್ತಾ?"

ಉಳಿಯುತ್ತಿತ್ತು, ಅರ್ಧವಾದರೂ. ಬುಡದ ಬಣ್ಣವೇ ರೋಗ ತಡೆಯುತ್ತದೆ ಎಂದಲ್ಲ. ಆ ಎರಡು ಗುಣಗಳ ವಂಶವಾಹಿಗಳು ಅಕ್ಕಪಕ್ಕದಲ್ಲಿ ಕೂತು ಜೊತೆಜೊತೆಯಾಗಿ ಇಳಿದು ಬಂದಿರಬೇಕು. ಒಂದನ್ನು ಬೇಡವೆಂದು ಕಿತ್ತವರು ಇನ್ನೊಂದನ್ನೂ ಕಿತ್ತ ಹಾಗಾಯಿತು. ನನ್ನ ಸಾಲುಗಳಲ್ಲಿ ಬೆರಕೆ ಕೀಳುವವರು ಇಲ್ಲದ್ದರಿಂದ ನಾಲ್ಕು ಉಳಿದಿದ್ದವು. ಇದನ್ನೆಲ್ಲ ನಾನು ಸರಾಗವಾಗಿ ವಿವರಿಸಿದೆ. ವಿಜ್ಞಾನ ಹೇಳುವಾಗ ನನಗೆ ನಾಲಿಗೆ ತೊದಲಲಿಲ್ಲ.

ಅಜ್ಜಿ ಎದ್ದು ದೇವರ ಗೂಡಿನ ಮುಂದೆ ನಿಂತರು. "ತಪ್ಪಾಯ್ತು ಕಣವ್ವ" ಎಂದರು, ಎಂದೋ ಸತ್ತ ತಮ್ಮ ತಾಯಿಗೆ. "ನೀನು ಕೊಟ್ಟಿದ್ದನ್ನ ನಾನೇ ಕೈಯಾರೆ ಹಾಳ್ ಮಾಡ್ದೆ."

ಆ ಗಳಿಗೆಯಲ್ಲಿ ನನಗೆ ಆದದ್ದು ದುಃಖವಲ್ಲ, ನಿರಾಳ. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿಕೊಂಡರು, ಎತ್ತಿಕೊಂಡವರು ಯಾರೆಂದು ನಾನು ನೋಡಲು ಹೋಗಲಿಲ್ಲ. ಸೊಸೆ ಕಾಫಿ ತಂದಳು, ಕುಡಿದೆ. ಬೆಲ್ಲದ ಕಾಫಿ, ಚೆನ್ನಾಗಿತ್ತು.

ಮುಂದಿನ ಆಷಾಢದಲ್ಲಿ ಅಜ್ಜಿ ಅದೇ ರೀತಿ ಕುಕ್ಕರುಗಾಲಲ್ಲಿ ಕೂತು ಹಸಿರು ಬುಡದವನ್ನು ಕಿತ್ತು ಹಾಕುತ್ತಿದ್ದರು, ಕೆಂಪು ಬುಡದವನ್ನು ಉಳಿಸಿಕೊಳ್ಳುತ್ತಿದ್ದರು. ಆ ನಾಲ್ಕು ಗಿಡದ ಸಂತಾನ ನಮ್ಮ ಪುಸ್ತಕದಲ್ಲಿ ಒಂದು ನಂಬರಾಗಿ ಸೇರಿತು. ಅದನ್ನು ಬೇರೆ ತಳಿಯ ಜೊತೆ ಕೂಡಿಸಿ, ಎರಡನೆಯ ತಲೆಮಾರಿನಲ್ಲಿ ನಾಲ್ಕಕ್ಕೆ ಮೂರು ಗಿಡ ರೋಗ ತಡೆದು ನಿಂತು ಒಂದು ಬೀಳುವುದನ್ನು ನಾನೇ ಎಣಿಸಿದೆ. ಸಾಹೇಬರು ಬೆನ್ನು ತಟ್ಟಿದರು. ಪ್ರಯೋಗದ ಮಡಿಗಳನ್ನು ಎರಡನೆಯ ವರ್ಷವೇ ದೂರದ ಇನ್ನೊಂದು ಜಾಗಕ್ಕೆ ಸಾಗಿಸಿದೆವು. ಹಾಗೆ ಸಾಗಿಸಬೇಕೆಂದು ಹಟ ಹಿಡಿದವಳು ನಾನು, ಕಾರಣ ಮಾತ್ರ ನೀರಿನ ಅನುಕೂಲ ಎಂದು ಬರೆದೆ.

ಮೂರನೆಯ ವರ್ಷ ನನಗೆ ವರ್ಗವಾಯಿತು. ಹೊರಡುವ ಮುನ್ನ ಅಜ್ಜಿ ಮನೆಗೆ ಕರೆದು ಮಣೆಯ ಮೇಲೆ ಕೂರಿಸಿದರು. ನೆರೆಮನೆಯ ಹೆಂಗಸರು ಬಂದಿದ್ದರು. ಮಗಳನ್ನು ಕಳಿಸುವ ಹಾಗೆ ಅರಿಸಿನ ಕುಂಕುಮ ಕೊಟ್ಟು ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ. ಕೊನೆಯಲ್ಲಿ ಒಂದು ಹಿಡಿ ಬಿತ್ತನೆ ಭತ್ತ.

"ನನ್ ತಪ್ಪಿಂದ ನಮ್ಮವ್ವನ ಭತ್ತ ಹೋಗಿತ್ತು. ಈ ತಾಯಿ ಉಳಿಸ್ಕೊಟ್ಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ನಾನು ತಲೆ ತಗ್ಗಿಸಿದೆ. ಮಡಿಲಿನ ಸೆರಗು ಕೈಯಿಂದ ಜಾರಿ ನಾಲ್ಕು ಕಾಳು ನೆಲಕ್ಕೆ ಉದುರಿದವು. ಅಜ್ಜಿ ಬಗ್ಗಿ ಒಂದೊಂದಾಗಿ ಹೆಕ್ಕಿ ಮತ್ತೆ ಮಡಿಲಿಗೆ ಹಾಕಿದರು.

"ನೋಡ್ರೇ, ಹೊಗಳಿದ್ರೆ ಎಷ್ಟು ನಾಚ್ಕೋತದೆ ನಮ್ ಹುಡ್ಗಿ" ಎಂದರು.